ಇಲಿ ಕಡಿದ ಕೀಲಿಕೈ

ಮೊದಲ ಮಾತುಕತೆ ಕುದುರಿದ್ದು ಗಡಿಯಾರ ರಿಪೇರಿಯ ಮುಳ್ಳಪ್ಪನವರ ಮಧ್ಯಸ್ಥಿಕೆಯಿಂದ. ಹಳೆಯ ಪ್ರಯಾಣದ ಪೆಟ್ಟಿಗೆಗಳನ್ನು ದುರಸ್ತಿ ಮಾಡಿ ಮಾರುವ ಅಂಗಡಿಯೊಂದರ ಕೆಲಸಗಾರರ ಬದುಕನ್ನು ಅವರವರ ಬಾಯಿಂದಲೇ ಕೇಳಿ ದಾಖಲಿಸುವ ಕೆಲಸ ಆಗ ನಡೆದಿತ್ತು. ಬಡಗಿ ಮಾತನಾಡಿದ್ದ, ಬಣ್ಣದವ ಮಾತನಾಡಿದ್ದ, ತೊಗಲಿನ ಪಟ್ಟಿ ಹೊಲಿಯುವವನಂತೂ ನಿಲ್ಲಿಸೆಂದರೂ ನಿಲ್ಲಿಸಿರಲಿಲ್ಲ. ಬೀಗದ ವಿಷಯ ಎತ್ತಿದರೆ ಮಾತ್ರ ಎಲ್ಲರೂ ಒಬ್ಬರನ್ನೇ ತೋರಿಸುತ್ತಿದ್ದರು: ಬೀಗದಣ್ಣ. ಅವರು ಒಲ್ಲೆ ಎಂದು ಹೇಳಿಕಳಿಸಿದ್ದರು. ಮತ್ತೆ ಕೇಳಿಸಿದಾಗಲೂ ಅದೇ ಉತ್ತರ. ಕೊನೆಗೆ ಮುಳ್ಳಪ್ಪ ಒಂದು ಷರತ್ತು ಹೊತ್ತು ತಂದರು.

"ಬರೋರು ಬರಿಗೈಲಿ ಬರಬಾರದಂತೆ. ಒಂದು ಕೆಟ್ಟ ಬೀಗ ತರಬೇಕಂತೆ. ಕೈಗೆ ಕೆಲಸ ಇದ್ರೆ ಮಾತ್ರ ಅವನ ಬಾಯಿ ಬಿಡೋದು. ಬೀಗ ಎಷ್ಟು ಕೆಟ್ಟಿರುತ್ತೋ ಅಷ್ಟು ಹೊತ್ತು ಮಾತು. ಆಮೇಲೆ ಎದ್ದು ಹೋಗ್ತಾ ಇರಬೇಕು."

ಹಾಗಾಗಿ ಗುಜರಿಯವನ ರಾಶಿಯಲ್ಲಿ ಕೈಯಾಡಿಸಿ, ತುಕ್ಕು ತಿಂದು ಕಲ್ಲಿನಂತಾಗಿದ್ದ ಬೀಗವೊಂದನ್ನು ಆರಿಸಿ ತರಲಾಯಿತು. ಬೀಗದಣ್ಣ ಅದನ್ನು ಕೈಯಲ್ಲಿ ತೂಗಿ ನೋಡಿ, "ಅಬ್ಬಾ, ಸಂಜೆವರೆಗೂ ಕೂತ್ಕೊಳ್ಳೋ ಹಂಚಿಕೆ," ಎಂದು ಸೀಮೆಎಣ್ಣೆಯ ಬಟ್ಟಲಿಗೆ ಹಾಕಿದರು. ಮಾತು ಶುರುವಾಯಿತು. ಮುಂದಿನ ತಿಂಗಳುಗಳಲ್ಲಿ ಅಂಥ ಹಲವು ಬೀಗಗಳು ಅದೇ ಬಟ್ಟಲಲ್ಲಿ ನೆನೆದವು. ಅವರು ಆ ದಿನಗಳಲ್ಲಿ ಹೇಳಿದ್ದನ್ನು, ಮುಳ್ಳಪ್ಪ ನಡುನಡುವೆ ಬಾಯಿ ಹಾಕಿ ತಿದ್ದಿದ್ದನ್ನು ಜೋಡಿಸಿದರೆ ದೊರೆಯುವ ಬದುಕು ಇದು.

ಬೀಗದಣ್ಣನ ಕೆಲಸದ ಜಾಗ ಹಳೆಯ ಕಟ್ಟಡವೊಂದರ ಮೆಟ್ಟಿಲ ಅಡಿ. ಸೂರು ಓರೆ, ಒಂದು ತುದಿಯಲ್ಲಿ ಆಳು ನಿಲ್ಲಬಹುದು, ಇನ್ನೊಂದು ತುದಿಯಲ್ಲಿ ಬೆಕ್ಕು ಮಲಗಬಹುದು. ನಿಲ್ಲುವ ತುದಿಯಲ್ಲಿ ಕೆಲಸದ ಮೇಜು, ಅದಕ್ಕೆ ಕಚ್ಚಿಸಿದ, ಕೆಲಸದ ತುಂಡನ್ನು ಬಿಗಿಹಿಡಿಯುವ ಕಬ್ಬಿಣದ ವೈಸು, ಗೋಡೆಯ ಮೊಳೆಗಳಲ್ಲಿ ಉದ್ದದ ಪ್ರಕಾರ ತೂಗುಬಿಟ್ಟ, ಲೋಹ ಉಜ್ಜುವ ಅರಗಳು. ಹೊರಗೆ, ಮೊದಲ ಮೆಟ್ಟಿಲ ಪಕ್ಕದಲ್ಲೇ, ಗಾಜಿನ ಗೂಡಿನೊಳಗೆ ಮುಳ್ಳಪ್ಪ. ಆ ಹೆಸರು ಗಡಿಯಾರಕ್ಕೆ ಮುಳ್ಳು ಕೂರಿಸುವುದರಿಂದ ಬಂತೋ, ನಾಲಿಗೆಯ ಮುಳ್ಳಿನಿಂದ ಬಂತೋ ಕೇಳಿದವರಿಲ್ಲ. ಇಬ್ಬರ ನಡುವೆ ಒಂದು ಗೋಡೆ, ಗೋಡೆಯಲ್ಲಿ ಒಂದು ಇಟ್ಟಿಗೆ ಬಿದ್ದುಹೋದ ಕಿಂಡಿ. ಜೀವಮಾನದ ಜಗಳವೆಲ್ಲ ಆ ಕಿಂಡಿಯಲ್ಲೇ ನಡೆದಿತ್ತು.

ಮನೆಯ ಬೀಗಗಳ ಕೆಲಸ ಇಳಿಮುಖವಾದ ಮೇಲೆ ಬೀಗದಣ್ಣನ ಕೈಹಿಡಿದದ್ದು ಈ ಪೆಟ್ಟಿಗೆ ಅಂಗಡಿ. ಒಂದು ಕಾಲಕ್ಕೆ ಹಡಗು, ರೈಲು ಎಂದು ಲೋಕ ಸುತ್ತಿದ ಪೆಟ್ಟಿಗೆಗಳು ಅಲ್ಲಿಗೆ ಬರುತ್ತವೆ. ಮೈ ತಿಕ್ಕಿಸಿಕೊಂಡು, ಎಣ್ಣೆ ಕುಡಿದು, ಒಳಮೈಗೆ ಹೊಸ ಬಟ್ಟೆಯ ಅಸ್ತರು ಹಚ್ಚಿಸಿಕೊಂಡು ಹೊರಡುತ್ತವೆ. ಆಮೇಲೆ ಎಲ್ಲಿಗೂ ಪ್ರಯಾಣ ಮಾಡುವುದಿಲ್ಲ. ಯಾರದೋ ನಡುಮನೆಯಲ್ಲಿ ಕೂತು ಮಗುವಿನ ಮೊದಲ ಬೂಟು, ಮದುವೆಯ ಫೋಟೊ, ಸತ್ತ ನಾಯಿಯ ಕೊರಳಪಟ್ಟಿ ಕಾಯುತ್ತವೆ. ಅಂಗಡಿಯ ಒಡತಿಯನ್ನು ಎಲ್ಲರೂ ಪೆಟ್ಟಿಗೆ ಮೇಡಂ ಎನ್ನುತ್ತಾರೆ. ಅವರು ಪ್ರತಿ ಪೆಟ್ಟಿಗೆಯ ಜೊತೆಗೆ ದಪ್ಪ ಕಾಗದದ ಕಾರ್ಡೊಂದನ್ನು ಕೊಡುತ್ತಾರೆ. ಪೆಟ್ಟಿಗೆ ಯಾರದಿತ್ತು, ಎಲ್ಲೆಲ್ಲಿ ತಿರುಗಿತ್ತು ಎಂಬ ಕಥೆ ಅದರ ಮೇಲೆ ಚೆಂದದ ಅಕ್ಷರದಲ್ಲಿ ಇರುತ್ತದೆ. ಕಥೆ ಇದ್ದರೆ ಗಿರಾಕಿಗೆ ಇನ್ನೂ ಪ್ರೀತಿ.

ಅಂಗಡಿಯ ಕೆಲಸಕ್ಕೆ ಒಂದು ಕ್ರಮವಿದೆ; ಈ ಬದುಕಿನ ಮಟ್ಟಿಗೆ ಆ ಕ್ರಮ ಮುಖ್ಯ. ಮೊದಲು ಪೆಟ್ಟಿಗೆ ಖಾಲಿಯಾಗಬೇಕು. ಆಮೇಲೆ ಬಿಸಿಲು ಕಾಣಬೇಕು. ಆಮೇಲೆ ಹಿಡಿಕೆ, ಮೂಲೆಯ ತಗಡು, ಬೀಗ ಎಲ್ಲ ಕಳಚಬೇಕು. ಕಳಚಿದ ಬೀಗಗಳು ದಾರದ ಚೀಟಿ ಕಟ್ಟಿಸಿಕೊಂಡು ಬಿಸ್ಕತ್ತಿನ ಡಬ್ಬಿಯಲ್ಲಿ ಮೆಟ್ಟಿಲ ಅಡಿಗೆ ಬರುತ್ತವೆ. ಪೆಟ್ಟಿಗೆಗಳ ಮೂಲೆಯಲ್ಲಿ ಸಿಗುವ ವಾರಸುದಾರರಿಲ್ಲದ ಕೀಲಿಕೈಗಳೂ ಅದೇ ಡಬ್ಬಿಗೆ ಬೀಳುತ್ತವೆ. ಹಳೆಯ ಹಿತ್ತಾಳೆ ಒಳ್ಳೆಯದು; ಬೀಗದಣ್ಣ ಅದರ ಹಲ್ಲುಗಳನ್ನು ಉಜ್ಜಿ, ಹೊಸ ಹಲ್ಲು ಕಡಿದು, ಕೀಲಿಕೈ ಕಳೆದುಕೊಂಡ ಬೀಗಗಳಿಗೆ ಹೊಂದಿಸುತ್ತಿದ್ದರು. ಪೆಟ್ಟಿಗೆಗಳನ್ನು ಅವರು ಕಣ್ಣಿಂದ ಕಂಡದ್ದೇ ಅಪರೂಪ. ಆದರೆ ಬೀಗ ತಮ್ಮ ಮೇಜಿಗೆ ಬಂದಿದೆ ಎಂದರೆ ಪೆಟ್ಟಿಗೆ ಖಾಲಿಯಾಗಿದೆ ಎಂದೇ ಅರ್ಥ ಎನ್ನುವುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಅವರ ಮನೆಯಲ್ಲೂ ಒಂದು ಪೆಟ್ಟಿಗೆ ಇತ್ತು. ಹೆಂಡತಿ ಮದುವೆಯಾಗಿ ಬಂದಾಗ ತಂದದ್ದು. ಆಗ ಮನೆ ತುಂಬ ಜನ. ಅತ್ತೆ, ಮಾವ, ಮೈದುನಂದಿರು, ಎಲ್ಲರಿಗೂ ಸೇರಿ ಒಂದೇ ಬೀರು. ಅತ್ತೆಗೆ ಸೊಸೆಯ ಪೆಟ್ಟಿಗೆಯನ್ನು ದಿನಕ್ಕೊಮ್ಮೆ ತೆಗೆದು ಮಡಿಚಿಟ್ಟದ್ದನ್ನು ಬಿಚ್ಚಿ, ಬಿಚ್ಚಿದ್ದನ್ನು ಮಡಿಚಿಡುವ ಚಟ. ಒಂದು ದಿನ ಹೆಂಡತಿ ಗಂಡನನ್ನು ಕೇಳಿದಳು.

"ರೀ, ನನ್ನ ಪೆಟ್ಟಿಗೆಗೆ ಒಂದು ಬೀಗ ಮಾಡಿಕೊಡ್ತೀರಾ?"

"ಅಮ್ಮ ತೆಗೀಬಾರದು ಅಂತ ತಾನೇ? ಅದೇನು ಮಹಾ."

"ಅಮ್ಮ ಅಷ್ಟೇ ಅಲ್ಲ. ನೀವೂ ತೆಗೀಬಾರದು."

ಬೀಗದಣ್ಣನ ಮುಖಕ್ಕೆ ಹೊಡೆದ ಹಾಗಾಯಿತು. ಬೀಗ ಮಾಡುವವನೇ ತೆಗೆಯಲಾರದ ಬೀಗ ಎಲ್ಲಾದರೂ ಉಂಟೇ ಎಂದು ಕೇಳಿದರು. "ಇಲ್ದಿದ್ರೆ ಮಾಡಿ. ಇಷ್ಟು ದೊಡ್ಡ ಕೆಲಸಗಾರರು," ಎಂದಳು. ಕೆಲವು ದಿನ ಮುನಿಸು ನಡೆಯಿತು. ಆಮೇಲೆ ಮುನಿಸಿನ ಜಾಗಕ್ಕೆ ಹಟ ಬಂತು. ಒಳಗೆ ಒಂದರ ಮೇಲೊಂದು ಎಸಳುಗಳಿರುವ ಬೀಗವೊಂದನ್ನು ಅವರು ಕಟ್ಟಿದರು. ಕೀಲಿಕೈಯ ಪ್ರತಿ ಹಲ್ಲೂ ಒಂದೊಂದು ಎಸಳನ್ನು ಸರಿಯಾದ ಎತ್ತರಕ್ಕೆ ಎತ್ತಿದರೆ ಮಾತ್ರ ಅಗುಳಿ ಸರಿಯುವಂಥದ್ದು. ಎಲ್ಲ ಮಾಡಿ, ಕೊನೆಯ ಎಸಳನ್ನೂ ಕೊನೆಯ ಹಲ್ಲನ್ನೂ ಕಡಿಯದೆ ಬಿಟ್ಟರು. ಅಡುಗೆಮನೆಯ ಕಿಟಕಿಯ ಬಳಿ ಅವರದೊಂದು ಚಿಕ್ಕ ವೈಸು ಇತ್ತು. ಹೆಂಡತಿಯ ಕೈಗೆ ಮುಕ್ಕೋನದ ಅರವನ್ನು ಕೊಟ್ಟು, ತಾವು ಗೋಡೆಗೆ ಮುಖ ಮಾಡಿ ಕೂತರು.

"ಇಷ್ಟು ಸಾಕೇನ್ರೀ?"

"ನಾನು ನೋಡಬಾರದಲ್ಲ, ನನ್ನ ಯಾಕೆ ಕೇಳ್ತೀಯ?"

"ಬರೀ ಸದ್ದು ಕೇಳಿ ಹೇಳಿ."

"ಸದ್ದು ಕೇಳಿದ್ರೆ ಹಲಗೆ ಕೊಯ್ತಾ ಇರೋ ಹಾಗಿದೆ. ಮೆತ್ತಗೆ ಕಣೇ. ಮುಂದಕ್ಕೆ ಮಾತ್ರ ಒತ್ತು, ಹಿಂದಕ್ಕೆ ಬರುವಾಗ ಎತ್ತು."

ಸಂಜೆಯೆಲ್ಲ ಉಜ್ಜಿದಳು. ಕೊನೆಗೊಮ್ಮೆ ಬೀಗ ತಿರುಗಿತು. ಆ ಕ್ಷಣದ ಹಿಗ್ಗಿಗೆ ತನ್ನ ಷರತ್ತನ್ನೇ ಮರೆತು ಕೀಲಿಕೈಯನ್ನು ದೂರದಿಂದ ಎತ್ತಿ ತೋರಿಸಿಬಿಟ್ಟಳು. ಬೀಗದಣ್ಣ ನೋಡಿದರು, ಹೊಟ್ಟೆ ಹಿಡಿದುಕೊಂಡು ನಕ್ಕರು. "ಇಲಿ ಕಡಿದ ಹಾಗಿದೆಯಲ್ಲೇ!" ಅತ್ತೆ ಕೇಳಿಸಿಕೊಂಡರು, ಮೈದುನಂದಿರು ಕೇಳಿಸಿಕೊಂಡರು. ಇಲಿ ಕೀಲಿಕೈ ಎಂಬ ಮಾತು ಆ ಮನೆಯಲ್ಲಿ ವರ್ಷಗಟ್ಟಲೆ ಓಡಾಡಿತು. ಹೆಂಡತಿಯೂ ನಕ್ಕಳು. ಕೀಲಿಕೈಯನ್ನು ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಂಡಳು. ಗಂಡನ ಎದುರು ಮತ್ತೆಂದೂ ಅರ ಮುಟ್ಟಲಿಲ್ಲ.

ಬೀಗದಣ್ಣ ಆ ಬೀಗಕ್ಕೆ ಎಂದೂ ತಂತಿ ಹಾಕಲಿಲ್ಲ. ಹಾಕಿದ್ದರೆ ತೆರೆಯುತ್ತಿತ್ತೆಂದು ಅವರಿಗೂ ಗೊತ್ತು, ಆಕೆಗೂ ಗೊತ್ತು. ಹಾಕದೆ ಇರುವುದೇ ನಿಧಾನವಾಗಿ ಅವರ ಹೆಮ್ಮೆಯಾಯಿತು. "ಊರ ಬೀಗಾನೆಲ್ಲ ತೆಗೆದೋನು ಹೆಂಡತಿ ಪೆಟ್ಟಿಗೆ ಮುಂದೆ ಕೈಕಟ್ಟಿ ಕೂತಿದಾನೆ," ಎಂದು ಮುಳ್ಳಪ್ಪ ಕಿಂಡಿಯಿಂದ ಚುಚ್ಚಿದರೆ, "ನಿನಗೇನು ಗೊತ್ತು ಮಾರಾಯ, ತೆಗೆಯೋದು ಕಸುಬು, ತೆಗೀದೇ ಇರೋದು ಮರ್ಯಾದೆ," ಎನ್ನುತ್ತಿದ್ದರು.

ಆ ವರ್ಷಗಳಲ್ಲಿ ಗಂಡಸರಿಬ್ಬರ ನಡುವೆ ಒಂದು ಖಾಯಂ ಜಗಳವಿತ್ತು. ಅಡುಗೆಮನೆಯ ಕಿಟಕಿಯಲ್ಲಿದ್ದ ಮುಕ್ಕೋನದ ಅರ ಮೇಲಿಂದ ಮೇಲೆ ಸವೆಯುತ್ತಿತ್ತು. ವಾರವಿಡೀ ಕಬ್ಬಿಣವನ್ನಷ್ಟೇ ಉಜ್ಜಿದ್ದರೂ ಅದರ ಹಲ್ಲಿನಲ್ಲಿ ಹಿತ್ತಾಳೆಯ ಹಳದಿ ಪುಡಿ ಕೂತಿರುತ್ತಿತ್ತು. ಆ ಮನೆಗೆ ಬಂದುಹೋಗುವ, ಹಿತ್ತಾಳೆ ಮುಟ್ಟುವ ಮನುಷ್ಯ ಒಬ್ಬನೇ, ಮುಳ್ಳಪ್ಪ.

"ನಿನ್ನ ವಾಚಿನ ಕೀಲು ಉಜ್ಜೋಕೆ ನನ್ನ ಅರಾನೇ ಬೇಕೇನಯ್ಯಾ?"

"ನಿನ್ನ ಆ ಕತ್ತೆ ಅರಾನ ನನ್ನ ವಾಚಿಗೆ ತಗುಲಿಸಿದ್ರೆ ಟೈಮೇ ಓಡಿಹೋಗುತ್ತೆ. ನನ್ನ ತಾಯಾಣೆ ನಾನು ಮುಟ್ಟಿಲ್ಲ."

"ಕದ್ದವರು ಆಣೆ ಹಾಕದೆ ಇರ್ತಾರಾ?"

ಚಹಾ ತಂದಿಡುತ್ತ ಹೆಂಡತಿ ಹೇಳುತ್ತಿದ್ದಳು: "ಹೋಗ್ಲಿ ಬಿಡ್ರೀ. ಒಂದು ಅರಕ್ಕೆ ಯಾಕೆ ಇಷ್ಟು ರಂಪ."

ಅತ್ತೆ ಮಾವ ಹೋದರು. ಮೈದುನಂದಿರು ಬೇರೆಯಾದರು. ಮಗಳ ಮದುವೆಯಾಗಿ, ಗಂಡ ಹೆಂಡತಿ ಇಬ್ಬರೂ ಮಗಳು ಅಳಿಯರ ಜೊತೆ ಎರಡನೆಯ ಮಹಡಿಯ ಮನೆಯಲ್ಲಿ ನೆಲೆಯಾದರು. ಚಿಕ್ಕ ವೈಸೂ ಬಂತು, ಪೆಟ್ಟಿಗೆಯೂ ಬಂದು ಮಂಚದ ಕೆಳಗೆ ಸೇರಿತು. ಆಮೇಲೆ ಹೆಂಡತಿಗೆ ಕಾಯಿಲೆ. ಆಸ್ಪತ್ರೆಯ ಹಾಸಿಗೆಯಲ್ಲಿ ಆಕೆ ಕೊರಳ ದಾರ ಬಿಚ್ಚಿ ಗಂಡನ ಅಂಗೈಯಲ್ಲಿ ಕೀಲಿಕೈ ಇಟ್ಟಳು. "ನಾನು ಹೋದ ಮೇಲೆ ತೆಗೀರಿ. ನಗಬೇಡಿ ಮತ್ತೆ," ಎಂದಳು. ಕೊನೆಯ ದಿನಗಳಲ್ಲಿ ಗಂಡನ ಮನಸ್ಸು ಹಗುರ ಮಾಡಲು ಏನೋ ಹೇಳುತ್ತಾಳೆ ಎಂದುಕೊಂಡರು. "ನಗೋದಿಲ್ಲ ಕಣೇ," ಎಂದರು.

ಆದರೆ ಆಕೆ ಹೋದ ಮೇಲೆ ಅವರು ಪೆಟ್ಟಿಗೆ ತೆರೆಯಲಿಲ್ಲ. ಕೀಲಿಕೈಯನ್ನು ಕನ್ನಡಕದ ಡಬ್ಬಿಯಲ್ಲಿಟ್ಟುಕೊಂಡರು. ತೆರೆದುಬಿಟ್ಟರೆ ಆಕೆ ತನಗೆ ಹೇಳಬೇಕಾದ ಕೊನೆಯ ಮಾತೂ ಮುಗಿದುಹೋಗುತ್ತದೆ. ತೆರೆಯದಿದ್ದರೆ ಅದೊಂದು ಮಾತು ಉಳಿದಿರುತ್ತದೆ. ಮುಂದಿನ ಭಾನುವಾರ ಎಂದುಕೊಳ್ಳುತ್ತಿದ್ದರು. ಭಾನುವಾರ ಬಂದರೆ ಇನ್ನೊಂದು ಭಾನುವಾರ. ಹಾಗೇ ವರ್ಷಗಳು ಕಳೆದವು.

"ತೆಗೆದ್ಯಾ?" ಎಂದು ಮುಳ್ಳಪ್ಪ ಕೇಳುತ್ತಿದ್ದರು.

"ಏನವಸರ? ಅದೇನು ಎದ್ದು ಓಡಿಹೋಗುತ್ತಾ?"

ಓಡಿಹೋಗಲಿಲ್ಲ, ಹೊತ್ತುಕೊಂಡು ಹೋದರು. ಅಪ್ಪನ ಹುಟ್ಟುಹಬ್ಬಕ್ಕೆ ಏನಾದರೂ ದೊಡ್ಡದು ಮಾಡಬೇಕೆಂದು ಮಗಳಿಗೆ ಆಸೆ. ಅಪ್ಪ ಬೀಗ ಮಾಡಿಕೊಡುವ ಅಂಗಡಿಯನ್ನು ಒಮ್ಮೆ ನೋಡಿ ಬಂದಿದ್ದಳು; ಅಲ್ಲಿನ ಪೆಟ್ಟಿಗೆಗಳು ಮನಸ್ಸಿಗೆ ನಾಟಿದ್ದವು. ಅಮ್ಮನ ಪೆಟ್ಟಿಗೆ ಮಂಚದ ಕೆಳಗೆ ತುಕ್ಕು ಹಿಡಿಯುತ್ತಿದೆ, ಅಪ್ಪನಿಗೆ ಅದನ್ನು ಮುಟ್ಟಲೂ ಸಂಕಟ, ತಾನೇ ಅದನ್ನು ಚೆಂದ ಮಾಡಿಸಿ ಕೊಟ್ಟರೆ ಎಷ್ಟು ಸಂತೋಷಪಟ್ಟಾರು ಎಂದು ಲೆಕ್ಕ ಹಾಕಿದಳು. ಬೀಗದಣ್ಣ ಕಣ್ಣಿನ ಪೊರೆ ತೆಗೆಸಿಕೊಳ್ಳಲು ಆಸ್ಪತ್ರೆಗೆ ಹೋದ ದಿನ ಅಳಿಯ ಪೆಟ್ಟಿಗೆಯನ್ನು ಎಳೆದು ಸಾಗಿಸಿದ. ಅಪ್ಪನ ಕಾಲಿಗೆ ಜಾಗ ಖಾಲಿ ಎಂದು ತಿಳಿಯಬಾರದೆಂದು ಮಗಳು ಅಲ್ಲಿ ಹಳೆಯ ಸೂಟ್‌ಕೇಸ್ ಒಂದನ್ನು ತಳ್ಳಿಟ್ಟಳು. ಬಗ್ಗಬೇಡಿ, ಭಾರ ಎತ್ತಬೇಡಿ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಬೀಗದಣ್ಣ ಬಗ್ಗಲಿಲ್ಲ. ರಾತ್ರಿ ಹಿಮ್ಮಡಿಗೆ ಏನೋ ತಗುಲುತ್ತಿತ್ತು. ಅದೇ ಎಂದುಕೊಂಡು ನಿದ್ದೆ ಹೋಗುತ್ತಿದ್ದರು.

ಕೀಲಿಕೈ ಇಲ್ಲದ ಪೆಟ್ಟಿಗೆ ಬಂದರೆ ಅಂಗಡಿಯವರು ಬೀಗ ಒಡೆಯುವುದಿಲ್ಲ. ಹಿಂದಿನ ಕೀಲುಗಳ ಕಡ್ಡಿ ತಟ್ಟಿ ತೆಗೆದು ಮುಚ್ಚಳವನ್ನು ಬೆನ್ನಿನ ಕಡೆಯಿಂದ ಎತ್ತುತ್ತಾರೆ. ಗಂಡ ಜೀವಮಾನವೆಲ್ಲ ಮುಂದೆ ಕೂತು ಕಾದಿದ್ದ ಪೆಟ್ಟಿಗೆ ಹಾಗೆ ಹಿಂದಿನಿಂದ ತೆರೆಯಿತು.

ಕಣ್ಣಿನ ಪಟ್ಟಿ ಬಿಚ್ಚಿ ಕೆಲಸಕ್ಕೆ ಕೂತ ಮೇಲೆ ಬೀಗದಣ್ಣನಿಗೆ ಲೋಕವೇ ತೊಳೆದಿಟ್ಟ ಹಾಗೆ ಕಾಣುತ್ತಿತ್ತು. ಮೊದಲ ಡಬ್ಬಿ ಬಂತು. ಮೇಲುಗಡೆ ಬಿಡಿ ಕೀಲಿಕೈಗಳ ಒಂದು ದೊಡ್ಡ ಹಿಡಿ. ಅವರು ಒಂದನ್ನು ಬೆಳಕಿಗೆ ಹಿಡಿದು ನೋಡಿ, ಕಿಂಡಿಯಿಂದ ಮುಳ್ಳಪ್ಪನತ್ತ ಚಾಚಿದರು.

"ಮುಳ್ಳಪ್ಪ, ನೋಡಿಲ್ಲಿ! ಯಾವನೋ ಪುಣ್ಯಾತ್ಮ ಅರ ಹಿಡಿದಿದಾನೆ. ಇಲಿ ಕಡಿದ ಹಾಗಿದೆ!"

ಮುಳ್ಳಪ್ಪ ಭೂತಗನ್ನಡಿ ಏರಿಸಿಕೊಂಡು ನೋಡಿದರು. "ಇಲಿ ಆದ್ರೆ ಇನ್ನೂ ನೀಟಾಗಿ ಕಡಿಯುತ್ತೆ. ಕೊಡು, ನನ್ನ ಅಂಗಡೀಲಿ ತೂಗು ಹಾಕ್ತೀನಿ. ಗಿರಾಕಿ ಜಾಸ್ತಿ ಮಾತಾಡಿದ್ರೆ ತೋರಿಸೋಕೆ."

ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆ ಕೀಲಿಕೈ ಮುಳ್ಳಪ್ಪನವರ ಮೊಳೆಗೆ ಹೋಯಿತು. ಉಳಿದವುಗಳಲ್ಲಿ ಕೆಲವು ಅಷ್ಟು ಕೆಟ್ಟವಲ್ಲ. ಕೆಲವಂತೂ ಬೇರೆ ಯಾರದೋ ಪಳಗಿದ ಕೈಯವು ಎನ್ನುವ ಹಾಗಿದ್ದವು; ಹಲ್ಲಿನ ಅಂಚು ನೇರ, ಕಣಿವೆ ನಯ. ಬೀಗದಣ್ಣ ಅವನ್ನು ಮೊದಲು ಆರಿಸಿಕೊಂಡರು. ಒಳ್ಳೆಯ ಹಿತ್ತಾಳೆ, ಒಳ್ಳೆಯ ಕೆಲಸ. ಹೊಸ ಬೀಗಕ್ಕೆ ಹೊಂದಬೇಕಾದರೆ ಹಳೆಯ ಹಲ್ಲು ಹೋಗಲೇಬೇಕು. ಉಜ್ಜಿದರು, ಕಡಿದರು, ಹೊಳಪು ಕೊಟ್ಟರು. ಆ ವಾರದಲ್ಲಿ ಎಲ್ಲವೂ ಯಾರ್‍ಯಾರದೋ ಬೀಗಗಳ ಜೊತೆ ಹೊರಟುಹೋದವು. ಮೇಜಿನ ಮೇಲಿನ ಹಳದಿ ಪುಡಿಯನ್ನು ಬ್ರಷ್ಷಿನಿಂದ ಗುಡಿಸಿ ಚೆಲ್ಲಿದರು.

ಡಬ್ಬಿಯ ತಳದಲ್ಲಿ ಒಂದು ಬೀಗ ಉಳಿದಿತ್ತು. ಅದನ್ನು ಬಿಚ್ಚಲು ಕೈಗೆ ತೆಗೆದುಕೊಂಡಾಗ ಕಣ್ಣಿಗಿಂತ ಮೊದಲು ಹೆಬ್ಬೆರಳಿಗೆ ತಿಳಿಯಿತು. ಆ ತಗಡನ್ನು ಬಾಗಿಸಿದ್ದು, ಆ ರಿವೆಟ್ಟುಗಳನ್ನು ಬಡಿದದ್ದು ಅವರದೇ ಕೈ. ಕನ್ನಡಕದ ಡಬ್ಬಿ ತೆರೆದು ಕೀಲಿಕೈ ತೆಗೆದರು. ಇಷ್ಟು ವರ್ಷಗಳಲ್ಲಿ ಮೊದಲ ಸಲ ಅದನ್ನು ಅದರ ಬೀಗದಲ್ಲಿಟ್ಟು ತಿರುಗಿಸಿದರು. ಅಗುಳಿ ಬೆಣ್ಣೆಯಂತೆ ಸರಿಯಿತು. ಅದರಾಚೆ ಅವರ ಮೇಜಿನ ಹಲಗೆ ಇತ್ತು, ಅಷ್ಟೇ.

ಬೀಗ ಇಲ್ಲಿದೆ ಎಂದರೆ ಪೆಟ್ಟಿಗೆ ಖಾಲಿ. ಅವರು ಎದ್ದು, ಅಂಗಿಯ ಗುಂಡಿ ಕೂಡ ಹಾಕಿಕೊಳ್ಳದೆ ಅಂಗಡಿಯ ಕಡೆ ನಡೆದರು. ಅವರ ಕೈಯಲ್ಲಿದ್ದ ಬೀಗ ಕಂಡು ಪೆಟ್ಟಿಗೆ ಮೇಡಂ ಗಾಬರಿಯಾದರು.

"ಅಯ್ಯೋ ಬೀಗದಣ್ಣ, ಆ ಬೀಗ ನಿಮ್ಮ ಕೈಗೆ ಬರಬಾರದಿತ್ತು! ಬೇರೆ ಇಡಿ ಅಂತ ಹೇಳಿದ್ದೆ. ನಿಮ್ಮ ಮಗಳು ನನ್ನ ಕೊಂದೇಬಿಡ್ತಾಳೆ. ಸರ್‌ಪ್ರೈಸ್ ಎಲ್ಲ ಹಾಳಾಯ್ತು."

"ಒಳಗೆ ಏನಿತ್ತಮ್ಮಾ?"

"ನಿಮ್ಮ ಮಗಳೇ ಬಂದು ನೋಡಿದ್ರು. ಒಂದು ಶಾಲು ಇತ್ತು, ಅದನ್ನೇ ಒಳಗಡೆ ಲೈನಿಂಗ್ ಮಾಡಿ ಅಂದ್ರು. ಎಷ್ಟು ಚೆನ್ನಾಗಿ ಬಂದಿದೆ ಗೊತ್ತಾ? ಉಳಿದಿದ್ದೇನೋ ಅಪ್ಪನ ಗುಜರಿ, ಬೇಡ ಅಂದ್ರು."

"ಎಂಥ ಗುಜರಿ?"

ಮೇಡಂಗೆ ನೆನಪಿರಲಿಲ್ಲ. ಹಿತ್ತಲಲ್ಲಿ ಪೆಟ್ಟಿಗೆ ತಿಕ್ಕುವ ಹೆಂಗಸಿಗೆ ನೆನಪಿತ್ತು. ಆಕೆ ಸೋಪಿನ ಕೈಯನ್ನು ಮೊಣಕಾಲಿಗೆ ಒರೆಸಿಕೊಂಡು ಹೇಳಿದಳು: "ಕೀಗಳು ಅಣ್ಣಾ. ಶಾಲಲ್ಲಿ ಸುತ್ತಿಟ್ಟಿದ್ರು. ಒಂದು ಉದ್ದ ದಾರಕ್ಕೆ ಪೋಣಿಸಿ, ಒಂದೊಂದಕ್ಕೂ ನಡುವೆ ಗಂಟು ಹಾಕಿ. ಅಷ್ಟೊಂದು ಗಂಟು ಯಾರು ಬಿಚ್ತಾರೆ, ಕತ್ತರಿ ಹಾಕಿ ನಿಮ್ಮ ಡಬ್ಬಿಗೆ ಸುರಿದೆ. ನಿಮಗೆ ಉಪಯೋಗ ಆಗುತ್ತಲ್ಲ ಅಂತ."

ಬೀಗದಣ್ಣ ಅಲ್ಲೇ ತಲೆಕೆಳಗಾಗಿಟ್ಟಿದ್ದ ಬಕೆಟ್ಟಿನ ಮೇಲೆ ಕೂತರು. ಅರ ಸವೆದದ್ದು ಯಾಕೆ, ಹಲ್ಲಿನಲ್ಲಿ ಹಳದಿ ಪುಡಿ ಕೂತದ್ದು ಯಾಕೆ, ಎಲ್ಲ ಒಟ್ಟಿಗೆ ತಿಳಿಯಿತು. ಗಂಡ ಮೆಟ್ಟಿಲ ಅಡಿಗೆ ಹೋದ ಮೇಲೆ, ಅತ್ತೆ ಮಲಗಿದ ಮೇಲೆ, ಆಕೆ ಅಡುಗೆಮನೆಯ ವೈಸಿನ ಮುಂದೆ ಕೂತು ಗಂಡ ಮನೆಗೆ ತಂದು ಗೋಡೆಗೆ ತೂಗುಹಾಕಿದ್ದ ಕೀಲಿಕೈಗಳನ್ನು ನೋಡಿ ನೋಡಿ ನಕಲು ಕಡಿದಿದ್ದಳು. ಮುಂದಕ್ಕೆ ಒತ್ತಿ, ಹಿಂದಕ್ಕೆ ಎತ್ತಿ. ದಾರದ ಮೊದಲ ತುದಿಯಲ್ಲಿ ಇಲಿ ಕಡಿದದ್ದು. ಕೊನೆಯ ತುದಿಯಲ್ಲಿ ಪಳಗಿದ ಕೈಯದು. ಆ ದಾರವನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಬೆರಳಾಡಿಸಿಕೊಂಡು ಬಂದಿದ್ದರೆ ಸಾಕಿತ್ತು, ಆಕೆಯ ಕೈ ಹೇಗೆ ಪಳಗಿತೆಂದು ತಿಳಿಯುತ್ತಿತ್ತು. ಗಂಡ ನಗದೆ ಅದನ್ನು ಓದಬಲ್ಲನೆಂದು ಆಕೆ ನಂಬಿದ್ದಳು. ಅವರು ಮೊದಲನೆಯದನ್ನು ಹಿಡಿದು ನಕ್ಕಿದ್ದರು. ಕೊನೆಯವನ್ನು ಉಜ್ಜಿ ಹಾಕಿದ್ದರು.

"ಆ ವಾರ ಹೋದ ಕೀಗಳು ವಾಪಸ್ ಬೇಕು," ಎಂದರು.

"ಎಲ್ಲ ಡೆಲಿವರಿ ಆಗಿದೆ ಬೀಗದಣ್ಣ. ಗಿರಾಕಿಗಳ ಹತ್ತಿರ ಹೇಗೆ ಕೇಳಲಿ?" ಎಂದರು ಮೇಡಂ. ಆದರೆ ಅವರ ಮುಖ ನೋಡಿ, ಹತ್ತಿರದ ಒಂದು ಮನೆಯ ವಿಳಾಸ ಕೊಟ್ಟರು.

ಆ ಮನೆಯಾಕೆ ಒಳ್ಳೆಯವರು. ಕೂರಿಸಿ ನೀರು ಕೊಟ್ಟರು. ಪೆಟ್ಟಿಗೆಯಲ್ಲಿ ಮಗುವಿನ ಮೊದಲ ಟೊಪ್ಪಿಗೆ, ಕತ್ತರಿಸಿದ ಮೊದಲ ಕೂದಲು, ಆಸ್ಪತ್ರೆಯ ಕೈಪಟ್ಟಿ. "ನನ್ನ ಮಗಳು ದೊಡ್ಡವಳಾದ ಮೇಲೆ ಇದನ್ನ ತೆಗೆದು ನೋಡ್ತಾಳೆ. ಅಲ್ಲೀವರೆಗೂ ಬೀಗ," ಎಂದು ನಕ್ಕರು. ಕೆಂಪು ರಿಬ್ಬನ್ನಿಗೆ ಕಟ್ಟಿದ್ದ ಕೀಲಿಕೈಯನ್ನು ತಂದು ಅಂಗೈಯಲ್ಲಿಟ್ಟರು. "ನೀವೇ ಮಾಡಿದ್ದಂತೆ. ತುಂಬ ಚೆನ್ನಾಗಿದೆ."

ಬೀಗದಣ್ಣ ಅದನ್ನು ಕಿಟಕಿಯ ಬೆಳಕಿಗೆ ಹಿಡಿದರು. ಹೊರಳಿಸಿದರು. ಉಗುರಿನಿಂದ ಪ್ರತಿ ಕಣಿವೆಯನ್ನೂ ತಡವಿದರು. ಹೆಂಡತಿಯ ಅರದ ಒಂದು ಗೆರೆಯೂ ಉಳಿದಿರಲಿಲ್ಲ. ಕೆಲಸವನ್ನು ಅವರು ಎಂದೂ ಅರೆಬರೆ ಮಾಡಿದವರಲ್ಲ. ಕೀಲಿಕೈಯನ್ನು ಹಿಂದಿರುಗಿಸಿ, "ಸರಿಯಾಗಿ ತಿರುಗುತ್ತಾ ನೋಡೋಕೆ ಬಂದೆನಮ್ಮ," ಎಂದು ಹೇಳಿ ಮೆಟ್ಟಿಲಿಳಿದರು. ಬೇರೆ ಮನೆಗಳಿಗೆ ಹೋಗಲಿಲ್ಲ.

ಮರುದಿನ ಕಿಂಡಿಯಲ್ಲಿ ಕೈ ಚಾಚಿ, "ಆ ಕೀ ಕೊಡು," ಎಂದರು.

"ಯಾವುದು, ಇಲಿದಾ? ಕೊಡಲ್ಲ ಹೋಗು, ನನ್ನ ಗಿರಾಕಿಗೆಲ್ಲ ಅದೇ ಪ್ರೀತಿ."

"ಅರ ಕದ್ದೋಳು ಸಿಕ್ಕಿದ್ಲು ಮುಳ್ಳಪ್ಪ."

ಮುಳ್ಳಪ್ಪ ಭೂತಗನ್ನಡಿ ತೆಗೆದರು. ಬೀಗದಣ್ಣ ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡರು. ಮೊಳೆಯಿಂದ ಕೀಲಿಕೈ ತೆಗೆದು, ಅಂಗಿಯ ತುದಿಯಲ್ಲಿ ಒರೆಸಿ, ಕಿಂಡಿಯಲ್ಲಿ ದಾಟಿಸಿದರು. ಅಂದು ಅವರ ನಾಲಿಗೆಯಲ್ಲಿ ಮುಳ್ಳು ಏಳಲಿಲ್ಲ ಎಂದು ಅವರೇ ಹೇಳಿದ್ದಾರೆ. ಜೊತೆಗೆ ಇದನ್ನೂ ಹೇಳಿದ್ದಾರೆ: "ಅತ್ತಿಗೆ ಎದುರಿಗೇ ನಾನು ಎಷ್ಟು ಸಲ ಆಣೆ ಹಾಕಿದೀನಿ. ಒಂದು ಸಲಾನೂ ಬಾಯಿ ಬಿಡಲಿಲ್ಲವಲ್ಲ ಆಕೆ. ನಾನು ಕಳ್ಳ ಆದ್ರೂ ಪರವಾಗಿಲ್ಲ, ಇವನು ನಗಬಾರದು. ಅಷ್ಟು ಹೆದರಿದ್ಲು ಆ ನಗೂಗೆ."

ಹುಟ್ಟುಹಬ್ಬದ ದಿನ ಪೆಟ್ಟಿಗೆ ನಡುಮನೆಗೆ ಬಂತು. ಮೈಯೆಲ್ಲ ಹೊಳಪು, ಮುಚ್ಚಳದ ಮೇಲೆ ಗಾಜು, ಚಹಾದ ತಟ್ಟೆ ಇಡಲು ಅನುಕೂಲ. ಬೀಗದ ಜಾಗ ಮಾತ್ರ ಖಾಲಿ. ಬೀಗವನ್ನು ಅಪ್ಪನೇ ಕೂರಿಸಬೇಕು ಎಂದು ಮಗಳು ಬಿಡಿಸಿಟ್ಟಿದ್ದಳು. ಮುಚ್ಚಳ ಎತ್ತಿ ತೋರಿಸಿದಳು. ಒಳಗೆ ಅಮ್ಮನ ಶಾಲು, ನಾಲ್ಕು ಗೋಡೆಗೂ ಬಿಗಿಯಾಗಿ ಎಳೆದು ಅಂಟಿಸಿದ್ದು.

"ಹೇಗಿದೆ ಅಪ್ಪಾ? ಅಮ್ಮನ ನೆನಪನ್ನೆಲ್ಲ ಇದರಲ್ಲಿ ಇಟ್ಟುಕೋ."

"ಚೆನ್ನಾಗಿದೆ," ಎಂದರು. ಶಾಲಿನ ಅಂಚನ್ನು ಬೆರಳಿನಿಂದ ಮುಟ್ಟಿ ಹೇಳಿದರು: "ಆ ಕೀಗಳು ನನ್ನ ಗುಜರಿ ಅಲ್ಲಮ್ಮ. ನಿಮ್ಮಮ್ಮ ಮಾಡಿದ್ದು. ನನಗೆ ಗೊತ್ತಾಗದ ಹಾಗೆ ಕಲಿತಿದ್ಲು."

ಮಗಳ ಕಣ್ಣು ಅರಳಿತು. "ಅಮ್ಮಾನಾ? ನಿಜವಾಗ್ಲೂ? ಅಯ್ಯೋ, ಎಂಥಾ ಕಥೆ ಅಪ್ಪಾ! ಮೇಡಂಗೆ ಹೇಳಿ ಕಾರ್ಡಿನ ಮೇಲೆ ಬರೆಸೋಣ. ಬಂದವರೆಲ್ಲ ಓದ್ತಾರೆ."

ಆಕೆಯ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅದಕ್ಕೇ ಬೀಗದಣ್ಣನಿಗೆ ಬೈಯಲೂ ಆಗಲಿಲ್ಲ. "ಬೇಡ," ಎಂದರು.

"ಹೋಗ್ಲಿ, ಬೀಗ ಆದ್ರೂ ಹಾಕು. ಸ್ಕ್ರೂ ಎಲ್ಲ ಇಟ್ಟಿದೀನಿ."

"ಖಾಲಿ ಪೆಟ್ಟಿಗೆಗೆ ಬೀಗ ಯಾಕಮ್ಮ?"

ಅಪ್ಪನಿಗೆ ವಯಸ್ಸಾಯಿತು, ಯಾವುದಕ್ಕೂ ಸಂತೋಷಪಡುವುದಿಲ್ಲ ಎಂದು ಮಗಳು ಅಂದು ಅಳಿಯನ ಹತ್ತಿರ ಹೇಳಿ ಅತ್ತಳು. ಅದು ಬೀಗದಣ್ಣನಿಗೆ ಕೇಳಿಸಿತು. ಎದ್ದು ಹೋಗಿ ಸಮಾಧಾನ ಹೇಳಬೇಕಿತ್ತು, ಏಳಲಿಲ್ಲ.

ಆ ಬೀಗ ಈಗ ಮೆಟ್ಟಿಲ ಅಡಿಯ ಮರದ ಡಬ್ಬಿಯೊಂದಕ್ಕಿದೆ. ಅದರಲ್ಲಿ ಅರಗಳನ್ನು ಇಟ್ಟು, ಹೆಂಡತಿ ಕಡಿದ ಕೀಲಿಕೈಯಿಂದ ಪ್ರತಿ ಸಂಜೆ ಬೀಗ ಹಾಕುತ್ತಾರೆ. ಮುಳ್ಳಪ್ಪನವರ ಮೊಳೆಯಿಂದ ಬಂದ ಇನ್ನೊಂದು ಇಲಿ ಕಡಿದದ್ದೂ ಅದೇ ಡಬ್ಬಿಯೊಳಗೆ. "ಈಗ ಯಾರು ಕದೀತಾರಯ್ಯಾ ನಿನ್ನ ಅರಾನ?" ಎಂದು ಮುಳ್ಳಪ್ಪ ಒಮ್ಮೆ ಕೇಳಿದರಂತೆ. "ಯಾರೂ ಇಲ್ಲ," ಎಂದರಂತೆ ಬೀಗದಣ್ಣ. ಪೆಟ್ಟಿಗೆ ಅಂಗಡಿಯ ಬೀಗಗಳನ್ನು ಅವರು ಈಗಲೂ ಮಾಡಿಕೊಡುತ್ತಾರೆ. ಬಿಡಿ ಕೀಲಿಕೈಗಳನ್ನು ಮುಟ್ಟುವುದಿಲ್ಲ. ಡಬ್ಬಿಯಲ್ಲಿ ಬಂದರೆ ಹಾಗೇ ಹಿಂದಕ್ಕೆ ಕಳಿಸುತ್ತಾರೆ.

ಕೊನೆಯ ಮಾತುಕತೆ ಮಗಳ ಮನೆಯಲ್ಲಿ ನಡೆಯಿತು. ದಾಖಲೆಗೆ ಸೇರಿಸಿದ್ದು: 22 ಜೂನ್ 2019. ಪೆಟ್ಟಿಗೆ ನಡುಮನೆಯಲ್ಲಿದೆ. ಬೀಗದ ಜಾಗದಲ್ಲಿ ತೂತು. ಒಳಗಿದ್ದದ್ದು ಟಿವಿಯ ರಿಮೋಟು, ಫೋನಿನ ಚಾರ್ಜರು, ಹಳೆಯ ದಿನಪತ್ರಿಕೆಗಳು.